ಗದ್ದಿಗೆ ಕಂಬಳಿಯ ತಿಗಣೆ

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ನನ್ನ ಅತ್ತೆ ಉಚ್ಚಂಗಮ್ಮನ ವಿಷಯದಲ್ಲಿ ನನ್ನಿಂದ ಅದು ಆಗುವುದಿಲ್ಲ. ಶಿಕಾರಿಪುರದ ಆ ಮನೆಯಲ್ಲಿ ಅವಳು ತುಪ್ಪದ ಗಡಿಗೆಗೂ ಬೀಗ ಹಾಕುತ್ತಿದ್ದಳು, ಸೊಸೆಯ ನಗುವಿಗೂ ಹಾಕುತ್ತಿದ್ದಳು. ಭಕ್ತಿಯೇನೋ ಇತ್ತು, ಅದೂ ಒಂದು ಕಂಬಳಿಯ ಮೇಲೆ.

ಜಂಗಮರು ಮನೆಗೆ ಬಂದರೆ ಕೂರಿಸಲು ಹಾಸುವ ಗದ್ದಿಗೆ ಕಂಬಳಿ ಅದು. ಉಣ್ಣೆಗೆ ಮೈಲಿಗೆಯಿಲ್ಲವೆಂದು ಅದಕ್ಕೆ ಯಾರೂ ನೀರು ಸೋಕಿಸಿರಲಿಲ್ಲ. ಬೇರೆಯವರು ಮುಟ್ಟಿಯಾರೆಂದು ಅದನ್ನು ಮಡಚಿ ತಲೆಯಡಿ ಇಟ್ಟುಕೊಂಡು, ದೇವರ ಕೋಣೆಯ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು.

೧೯೫೮ರಲ್ಲಿ ನಾನು ಸೊರಬದ ಕಡೆಯ ಹಳ್ಳಿಯಿಂದ ಸೊಸೆಯಾಗಿ ಬಂದೆ. ಅಪ್ಪ ಹೊನ್ನೆ ಮರದ ಮಂಚ ಕೊಟ್ಟಿದ್ದರು. ತಿಂಗಳೊಳಗೆ ಅತ್ತೆಯ ಕುತ್ತಿಗೆಯ ಮೇಲೆ ಸಾಲಾಗಿ ಕೆಂಪು ದದ್ದು ಎದ್ದವು.

"ಸೊರಬದ ಕಾಡು ತಿಗಣಿ ಮಂಚದಾಗ ತುಂಬ್ಕೊಂಡು ಬಂದಾಳ ನೋಡ್ರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಮಂಚವನ್ನು ಅಂಗಳಕ್ಕೆ ಎಳೆಸಿ ಸಂದುಸಂದಿಗೂ ಕುದಿಯುವ ನೀರು ಹೊಯ್ದಳು. ಒಂದು ತಿಗಣೆಯೂ ಉದುರಲಿಲ್ಲ.

"ಅತ್ತೆ, ನಮಗ್ಯಾರಿಗೂ ಕಚ್ಚಿಲ್ಲ. ನಿಮಗೊಬ್ರಿಗೇ ಯಾಕೆ?" ಎಂದೆ.

"ನಿನ್ ರಕ್ತ ಅವಕ್ಕೂ ಬ್ಯಾಡಾಗೈತಿ. ಅಮಾಸಿಯೊಳಗ ತಿಗಣಿ ಹೋಗ್ಲಿಲ್ಲ ಅಂದ್ರ ಮಂಚದ ಜೋಡಿ ನೀನೂ ತವರಿಗೆ ಗಾಡಿ ಹತ್ತು."

ನನ್ನ ಗಂಡ ಮಲ್ಲೇಶಪ್ಪ ರೊಟ್ಟಿ ಮುರಿಯುತ್ತ ಕೂತಿದ್ದರು. ತಾಯಿಯ ಎದುರು ಅವರ ಬಾಯಿ ರೊಟ್ಟಿಗೆ ಮಾತ್ರ ತೆರೆಯುತ್ತಿತ್ತು.

ಆ ವಾರ ಮಲೇರಿಯಾದವರು ಪಂಪು ಹೊತ್ತು ಬಂದು ಗೋಡೆಗಳಿಗೆಲ್ಲ ಡಿ.ಡಿ.ಟಿ. ಹೊಡೆದರು. ದೇವರ ಕೋಣೆಯ ಹತ್ತಿರ ಅತ್ತೆ ಕಂಬಳಿ ಅಪ್ಪಿಕೊಂಡು ನಿಂತಳು, ಒಳಗೆ ಬಿಡಲೇ ಇಲ್ಲ. ಆಗ ನನಗೆ ತವರಿನ ಅವ್ವನ ಮಾತು ನೆನಪಾಯಿತು: "ತಿಗಣೆ ದೂರ ಹೋಗೋ ಜಾತಿ ಅಲ್ಲ ಮಾರಾಯ್ತಿ. ಯಾರಿಗೆ ಕಚ್ತದೋ ಅವ್ರ ತಲೆ ಹತ್ರನೇ ಮನೆ ಮಾಡ್ತದೆ. ಅದು ಹೇತ ಕರೀ ಚುಕ್ಕಿ ಎಲ್ಲುಂಟು ನೋಡು."

ಅಮಾವಾಸ್ಯೆಗೆ ಎರಡು ದಿನವಿರುವಾಗ, ಮಧ್ಯಾಹ್ನ, ತೊಗರ್ಸಿ ಕಡೆಯ ಅಯ್ಯನವರು ಪಾದಪೂಜೆಗೆ ಬಂದರು. "ಗದ್ದಿಗಿ ಹಾಸು" ಎಂದು ಕಂಬಳಿ ಕೊಟ್ಟು ಅತ್ತೆ ನೀರು ತರಲು ಹೋದಳು. ಮಡಿಕೆ ಬಿಚ್ಚಿದೆ. ಹೊಲಿಗೆಯುದ್ದಕ್ಕೂ ಸಾಸಿವೆ ಚೆಲ್ಲಿದಂತೆ ಕರಿ ಚುಕ್ಕೆ. ಹೇಳಬಹುದಿತ್ತು. ಹೇಳಿದ್ದರೆ ನಾನೇ ತಂದು ಬಿಟ್ಟೆ ಎನ್ನುತ್ತಿದ್ದಳು. ಬಾಯಿ ಮುಚ್ಚಿಕೊಂಡು ಹಾಸಿದೆ.

ಮಂತ್ರ ಮುಗಿಯುವ ಮೊದಲೇ ಅಯ್ಯನವರು ತೊಡೆ ಕೆರೆಯತೊಡಗಿದರು. "ಉಚ್ಚಂಗವ್ವ, ನಿನ್ ಗದ್ದಿಗಿ ನನ್ನೇ ಪ್ರಸಾದ ಮಾಡ್ಕೊಂಡೈತಲ್ಲ!"

ಅವರ ಕಾವಿಯ ಮೇಲೆ ಎರಡು ತಿಗಣೆ ಹೊಟ್ಟೆ ತುಂಬಿ ನಿಧಾನಕ್ಕೆ ನಡೆಯುತ್ತಿದ್ದವು.

"ಇದನ್ನ ಯಾರು ತಲಿಗೆ ಇಟ್ಕೊಂತೀರಿ?" ಕಂಬಳಿಗೆ ಮೆತ್ತಿದ ತಲೆಯೆಣ್ಣೆಯ ಜಿಡ್ಡು ನೋಡಿ ಅಯ್ಯನವರು ಕೇಳಿದರು.

ಅತ್ತೆ ಕೇಳಿಸದವಳಂತೆ ತಂಬಿಗೆಯ ನೀರನ್ನು ಅವರ ಪಾದಕ್ಕೆ ಹೊಯ್ಯತೊಡಗಿದಳು. ಮಲ್ಲೇಶಪ್ಪ ಬಾಯಿ ಬಿಟ್ಟರು: "ನಮ್ಮವ್ವ."

ಕಂಬಳಿಯನ್ನು ಬಿಸಿಲಿಗೆ ಎಳೆದವರು ಅಯ್ಯನವರೇ. ಬಿಸಿನೀರಿಗೆ ಅತ್ತೆ ಒಪ್ಪಲಿಲ್ಲ. ಎಂಟು ದಿನ ಅಂಗಳದಲ್ಲಿ ಕೂತು ಒಂದೊಂದೇ ಹೆಕ್ಕಿ ಸೀಮೆಎಣ್ಣೆ ಬಟ್ಟಲಿಗೆ ಹಾಕಿದಳು. ದೇವರ ಕೋಣೆಯ ಬಾಗಿಲ ಚೌಕಟ್ಟಿನ ಬಿರುಕಿಗೆ ಸೀಮೆಎಣ್ಣೆ ಹಚ್ಚಿದವಳು ನಾನು. ಗಾಡಿಯ ಮಾತು ಮತ್ತೆ ಬರಲಿಲ್ಲ. ತಪ್ಪಾಯಿತು ಎಂಬ ಮಾತೂ ಬರಲಿಲ್ಲ. "ಸೊರಬದ ತಿಗಣಿ ಗದ್ದಿಗಿಗೂ ಏರಿದ್ವು" ಎಂದು ಸಾಯುವವರೆಗೂ ಊರಿಗೆಲ್ಲ ಹೇಳಿದಳು.

ಅವಳ ಮಣ್ಣು ಮುಗಿಸಿ ಬಂದ ಮರುದಿನ ಹಂಡೆ ತುಂಬ ನೀರು ಕುದಿಸಿ ಆ ಕಂಬಳಿಯನ್ನು ಮುಳುಗಿಸಿದೆ. ತಿಗಣೆಗಳು ಎಂದೋ ಸತ್ತಿದ್ದವು. ಆದರೂ ಮುಳುಗಿಸಿದೆ.