ಪೆನ್ಸಿಲ್ಲಿಗೆ ಸಿಗದ ನಂಬರು

ಹೋದ ವಾರ ನನ್ನ ಹಳೆಯ ಸ್ಕೂಟರನ್ನು ಮಾರಿದೆ. ಕೊಳ್ಳುವವರ ಕಡೆಯ ಏಜೆಂಟ್ ಮನೆಗೆ ಬಂದು, ಕಾಗದಪತ್ರ ತಿರುವಿ ನೋಡಿ, ಕಿಸೆಯಿಂದ ಒಂದು ತೆಳು ಹಾಳೆ ಮತ್ತು ಮೊಂಡಾದ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟ. "ಚಾಸಿ ನಂಬರ ಪ್ರಿಂಟ್ ನೀವ ತಗೀರಿ ಕಾಕಾ. ನನಗ ಈ ಹೊಟ್ಟಿ ಕಟಗೊಂಡು ಬಗ್ಗಾಕ ಆಗೂದಿಲ್ಲ," ಎಂದ. ಕಬ್ಬಿಣದಲ್ಲಿ ಒತ್ತಿದ ಅಂಕಿಗಳ ಮೇಲೆ ಹಾಳೆ ಇಟ್ಟು, ಪೆನ್ಸಿಲ್ಲನ್ನು ಅಡ್ಡ ಹಿಡಿದು ತಿಕ್ಕಿದರೆ ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಸಣ್ಣ ಮಕ್ಕಳೂ ಮಾಡುವ ಕೆಲಸ. ಆದರೆ ಪೆನ್ಸಿಲ್ಲಿನ ವಾಸನೆ ಮೂಗಿಗೆ ಬಂದದ್ದೇ ನಾನು ತಿಕ್ಕುವುದನ್ನು ಬಿಟ್ಟು ಅಲ್ಲೇ ಕುಕ್ಕರಿಸಿದೆ. ವೈನಿ ನೆನಪಾದರು...

ವೈನಿ ಎಂದರೆ ನನ್ನ ಸ್ವಂತ ಅಣ್ಣನ ಹೆಂಡತಿಯಲ್ಲ. ಅನಗೋಳದ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಜೈನರ ಮನೆ ಅವರದು. ಅವರ ಗಂಡನನ್ನು ನಾನು ಅಣ್ಣಾ ಎನ್ನುತ್ತಿದ್ದೆ, ಹಾಗಾಗಿ ಅವರು ವೈನಿ. ಅಣ್ಣ ಒಂದು ಪಿಕಪ್ ಗಾಡಿ ಇಟ್ಟಿದ್ದರು. ಖಾನಾಪುರದ ಆಚೆ, ಹಲಸಿಯ ಸುತ್ತಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಹಾಲು ಕಾಸಿ ಖವಾ ಮಾಡುತ್ತಿದ್ದರು. ಅದನ್ನು ತುಂಬಿಕೊಂಡು ಬಂದು ಬೆಳಗಾವಿಯಲ್ಲಿ ಕುಂದಾ ಮಿಠಾಯಿ ಮಾಡುವ ಅಂಗಡಿಗಳಿಗೆ ಮುಟ್ಟಿಸುವುದು ಅಣ್ಣನ ಉದ್ಯೋಗ. ವೈನಿಯ ತವರೂ ಹಲಸಿಯ ಕಡೆಯೇ. ಅಲ್ಲಿಯ ಅಡವಿ ರಸ್ತೆಯಲ್ಲಿ ಅಣ್ಣ ಅವರಿಗೆ ಗಾಡಿ ಹೊಡೆಯಲು ಕಲಿಸಿ, ಲೈಸೆನ್ಸನ್ನೂ ಮಾಡಿಸಿಕೊಟ್ಟಿದ್ದರು. ಓಣಿಯಲ್ಲಿ ಆಡಿಕೊಳ್ಳುವವರು ಆಡಿಕೊಂಡರು.

ಒಂದು ಮಳೆಗಾಲ ಅಣ್ಣ ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟರು. ಗಾಡಿ ಮನೆಯ ಮುಂದಿನ ನುಗ್ಗೆಮರದ ಕೆಳಗೆ ನಿಂತಿತು. ಮೂರು ಮಳೆಗಾಲ ಹಾಗೇ ನಿಂತಿತು. ಗಾಲಿಗಳು ಕುಸಿದವು, ಮುಂದಿನ ಸೀಟಿನಲ್ಲಿ ಹುಲ್ಲು ಹುಟ್ಟಿತು. ಅಷ್ಟೂ ದಿನ ವೈನಿ ಮೈದುನನ ಸಂಸಾರಕ್ಕೆ ರೊಟ್ಟಿ ಬಡಿಯುತ್ತ ಒಳಗಿದ್ದರು. ಮನೆ ಮೈದುನನದು, ಮಾತು ಮೈದುನನದು. ಅವನು ಕೆಟ್ಟವನೇನಲ್ಲ. ಆದರೆ ಊಟಕ್ಕೆ ಹಾಕುವವನು ಆಗಾಗ ಅದನ್ನು ನೆನಪಿಸುತ್ತಿದ್ದ.

ಅವನು ಗಾಡಿಯನ್ನು ಗುಜರಿಗೆ ಹಾಕುತ್ತೇನೆಂದಾಗ ವೈನಿ ಮೊದಲ ಸಲ ಎದುರು ಮಾತಾಡಿದರು. ಗೋಡೆಯ ಈಚೆ ಚಹಾ ಕುಡಿಯುತ್ತಿದ್ದ ನನಗೆ ಎಲ್ಲವೂ ಕೇಳಿಸಿತು. "ದಸರಾ ತನಕಾ ನನಗ ಬಿಡು. ಪಾಸಿಂಗ್ ಆತಂದ್ರ ಗಾಡಿ ನನ್ನ ಹೆಸರಿಗೆ ಮಾಡಿಕೊಡು, ನನ್ನ ಹೊಟ್ಟಿ ನಾ ನೋಡ್ಕೊತೇನಿ. ಆಗಲಿಲ್ಲಂದ್ರ ನೀ ಏನರ ಮಾಡು, ನಾ ತುಟಿ ಪಿಟಕ್ ಅನ್ನೂದಿಲ್ಲ." ಮೈದುನ ನಕ್ಕು ಒಪ್ಪಿಕೊಂಡ. ಸಾಮಾನು ಹೊರುವ ಗಾಡಿ ರಸ್ತೆಗೆ ಇಳಿಯಬೇಕಾದರೆ ಆರ್‌ಟಿಓ ಆಫೀಸಿನಲ್ಲಿ ತೋರಿಸಿ ಪಾಸಿಂಗ್ ಮಾಡಿಸಬೇಕು. ಆ ಗಾಡಿ ಆಫೀಸಿನ ಗೇಟಿನವರೆಗೂ ಹೋಗುವುದಿಲ್ಲವೆಂದು ಅವನಿಗೆ ಖಾತ್ರಿ ಇತ್ತು.

ಮರುದಿನ ವೈನಿ ನಮ್ಮ ಬಾಗಿಲಿಗೆ ಬಂದರು. "ಅಣ್ಣಾರ, ಐತವಾರ ಐತವಾರ ಒಂದೆರಡ ತಾಸು ಕೈ ಹಚ್ಚತೀರೇನ್ರಿ?" ಎಂದು ಕೇಳಿದರು. ಭಾನುವಾರ ನನಗೆ ರಜೆ. ನಾನು ಆಗ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಗ್ರೈಂಡರ್ ಹಿಡಿಯುತ್ತಿದ್ದೆ. ಎರಕದಿಂದ ಬಂದ ಮಾಲಿನ ಮೇಲೆ ಉಬ್ಬು, ತಗ್ಗು, ಚೂರು ಏನಿದ್ದರೂ ತಿಕ್ಕಿ ನುಣುಪು ಮಾಡುವುದು ನನ್ನ ಕೆಲಸ. ಹದಿನಾರು ವರ್ಷ ಅದನ್ನೇ ಮಾಡಿ, ಕಬ್ಬಿಣದ ವಿಷಯದಲ್ಲಿ ನನಗಿಂತ ದೊಡ್ಡವರಿಲ್ಲ ಎಂಬ ಜಂಬ ತಲೆಗೇರಿತ್ತು. ಹೂಂ ಎಂದೆ.

ಎಂಜಿನ್ ನೋಡಲು ಖಾನಾಪುರದಿಂದ ಅಣ್ಣನ ಗುರುತಿನ ಮಿಸ್ತ್ರಿಯೊಬ್ಬ ಎರಡು ಐತವಾರ ಬಂದುಹೋದ. ಉಳಿದದ್ದೆಲ್ಲ ನಮ್ಮಿಬ್ಬರದು. ಮೊದಲ ದಿನವೇ ಸೀಟಿನ ಹಿಂದೆ ಬೆಕ್ಕು ಮರಿ ಹಾಕಿದ್ದು ಕಂಡಿತು. ವೈನಿ ಗಾಡಿ ಮುಟ್ಟಗೊಡಲಿಲ್ಲ. ಬೆಕ್ಕು ತಾನಾಗಿ ಮರಿಗಳನ್ನು ಕಚ್ಚಿಕೊಂಡು ಹೋಗುವ ತನಕ ಹನ್ನೊಂದು ದಿನ ಕಾಯಿಸಿದರು. ದಸರಾ ಹತ್ತಿರ ಬರುತ್ತದೆ ಎಂದು ನಾನು ಗೊಣಗಿದರೆ, "ಬಾಣಂತಿನ್ನ ಎಬ್ಬಸಬಾರದ್ರಿ," ಎಂದುಬಿಟ್ಟರು.

ಬಿಚ್ಚಿದ ಬೋಲ್ಟುಗಳನ್ನು ಇಡಲು ಅವರದೇ ಒಂದು ಪದ್ಧತಿ ಇತ್ತು. ಪಡಸಾಲೆಯ ನೆಲದ ಮೇಲೆ ರಂಗೋಲಿಯಿಂದ ಇಡೀ ಗಾಡಿಯ ಚಿತ್ರ ಬರೆದಿದ್ದರು. ಬಾನೆಟ್, ಬಾಗಿಲು, ಸಾಮಾನು ತುಂಬುವ ಹಿಂದಿನ ಡಾಲಾ ಎಲ್ಲ. ಯಾವ ಬೋಲ್ಟು ಎಲ್ಲಿಂದ ಬಂತೋ ಚಿತ್ರದ ಆ ಜಾಗದಲ್ಲೇ ಅದನ್ನು ಇಡುತ್ತಿದ್ದರು. ದಿನಾ ಕಸ ಹೊಡೆಯುವಾಗ ಅದರ ಸುತ್ತ ಕಸಬರಿಗೆ ಆಡಿಸುತ್ತಿದ್ದರು. ಫೌಂಡ್ರಿಯಲ್ಲಿ ನಾವು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಆಮೇಲೆ ತಲೆ ಕೆರೆದುಕೊಳ್ಳುವವರು. ಇದನ್ನು ನೋಡಿ ನಾನು ನಕ್ಕಿದ್ದೆ. ಒಂದೇ ಒಂದು ಬೋಲ್ಟು ಕಳೆಯಲಿಲ್ಲ.

ಮೇಲೆ ಹೊದಿಸಿದ್ದ ತಾಡಪತ್ರಿ ಕಿತ್ತಾಗ ಹಿಂದಿನ ಡಾಲಾದಿಂದ ಹಾಲು ತಳಹಿಡಿದ ವಾಸನೆ ಬಂತು. ಮೂರು ಮಳೆಗಾಲ ಕಳೆದರೂ ಹೋಗಿರಲಿಲ್ಲ. ವೈನಿ ಅಲ್ಲೇ ಡಾಲಾಕ್ಕೆ ಹಣೆ ಹಚ್ಚಿ ಸ್ವಲ್ಪ ಹೊತ್ತು ನಿಂತರು... ನಾನು ಬೋಲ್ಟು ಬಿಚ್ಚುವ ಪಾನಾ ಹುಡುಕುವ ನೆವ ಮಾಡಿ ಆಚೆ ಹೋದೆ.

ಸಂಜೆ ಬಿಸಿಲು ಇಳಿಯುತ್ತಿದ್ದಂತೆ ಕೆಲಸ ನಿಲ್ಲುತ್ತಿತ್ತು. ಸೂರ್ಯ ಮುಳುಗುವ ಮೊದಲೇ ಅವರ ಊಟವಾಗಬೇಕು. ಕೈಯ ಗ್ರೀಸನ್ನು ಕಡಲೆಹಿಟ್ಟಿನಿಂದ ತೊಳೆದು ಒಳಗೆ ಹೋಗುತ್ತಿದ್ದರು. ಹೋಗುವ ಮೊದಲು ಒಮ್ಮೆ ತಿರುಗಿ ಗಾಡಿಯನ್ನು ನೋಡುತ್ತಿದ್ದರು. ಹಲಸಿ ಕಡೆಯ ಹೆಂಗಸರು ಕಾಯುತ್ತಿದ್ದಾರೆ, ದಸರಾಕ್ಕೆ ಗಾಡಿ ತಂದರೆ ಖವಾ ನಿನಗೇ ಎಂದು ಮಾತು ಕೊಟ್ಟಿದ್ದಾರೆ ಎಂದು ಪ್ರತಿ ವಾರ ಹೇಳುತ್ತಿದ್ದರು. ನನಗಲ್ಲ, ತಮಗೇ ಹೇಳಿಕೊಳ್ಳುತ್ತಿದ್ದರು ಅನಿಸುತ್ತದೆ.

ಇನ್ನು ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯಬೇಕು.

ಗಾಡಿಯ ಅಡಿಯಲ್ಲಿ ಉದ್ದಕ್ಕೂ ಹೋಗುವ ಕಬ್ಬಿಣದ ತೊಲೆಗೆ ಚಾಸಿ ಎನ್ನುತ್ತಾರೆ. ಅದಕ್ಕೆ ತುಕ್ಕು ತಿಂದು ಪದರ ಪದರ ಎದ್ದಿತ್ತು. ಬ್ರಷ್ಷಿಗೆ ಬಗ್ಗುವ ತುಕ್ಕಲ್ಲ ಅದು. ಒಂದು ಶನಿವಾರ ನಾನು ಫೌಂಡ್ರಿಯ ಗ್ರೈಂಡರನ್ನೇ ಊಟದ ಚೀಲದಲ್ಲಿ ಅಡಗಿಸಿ ಮನೆಗೆ ತಂದೆ. ಯಾರನ್ನೂ ಕೇಳಲಿಲ್ಲ. ಸೋಮವಾರ ಹಾಗೇ ಒಯ್ದು ಇಟ್ಟರಾಯಿತು ಎಂದುಕೊಂಡಿದ್ದೆ. ನಾನು ಗಾಡಿಯ ಕೆಳಗೆ ತೂರುವಾಗ ವೈನಿ ಬಗ್ಗಿ ಹೇಳಿದರು: "ಅಣ್ಣಾರ, ಮುಂದಿನ ಗಾಲಿ ಬಾಜೂಕ ಎಲ್ಲೋ ನಂಬರ ಐತಿ ಅಂತಿದ್ರು ಇವರು. ಜ್ವಾಕಿ."

"ಆ ನಂಬರ ಬಾನೆಟ್ ಒಳಗ ತಗಡಿನ ಮ್ಯಾಲ ಐತ್ರಿ, ನಾ ನೋಡೇನಿ. ಕಬ್ಬಿಣದ ಕೆಲಸ ನನಗ ಹೇಳಬ್ಯಾಡ್ರಿ ವೈನಿ," ಎಂದೆ.

ಬಾನೆಟ್ಟಿನಲ್ಲಿ ತಗಡು ಇದ್ದದ್ದು ಖರೆ. ಆದರೆ ಅದೇ ನಂಬರನ್ನು ಚಾಸಿಯ ಮೇಲೂ ಒತ್ತಿರುತ್ತಾರೆ, ಪಾಸಿಂಗಿಗೆ ಪ್ರಿಂಟ್ ತೆಗೆಯುವುದು ಅಲ್ಲಿಂದಲೇ ಎಂದು ನನಗೆ ಗೊತ್ತಿರಲಿಲ್ಲ. ತುಕ್ಕು, ಡಾಂಬರು, ಹಳೇ ಬಣ್ಣದ ಕೆಳಗೆ ಸಣ್ಣ ಸಣ್ಣ ತಗ್ಗುಗಳು ಕಂಡವು. ತಗ್ಗು ಕಂಡರೆ ಬಿಡುವ ಕೈಯೇ ಇದು? ಕನ್ನಡಿಯ ಹಾಗೆ ಹೊಳೆಯುವ ತನಕ ತಿಕ್ಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಎಷ್ಟು ಸಲ ಬೇರೆಯವರಿಗೆ ಹೇಳಿದ್ದೆನೋ... ಹೊರಗೆ ಬಂದು, "ನೋಡ್ರಿ, ಹೊಸಾದು ಆತು," ಎಂದೆ. ವೈನಿ ಬಗ್ಗಿ ನೋಡಿ ಮಗುವಿನಂತೆ ನಕ್ಕರು.

ದಸರಾಕ್ಕೆ ಹನ್ನೆರಡು ದಿನ ಇರುವಾಗ ವೈನಿ ತಾವೇ ಗಾಡಿ ಹೊಡೆದುಕೊಂಡು ಆಫೀಸಿಗೆ ಬಂದರು. ನಾನು ರಜೆ ಹಾಕಿ ಪಕ್ಕದಲ್ಲಿ ಕುಳಿತಿದ್ದೆ. ಓಣಿಯ ಬಾಯಿ ಅಂದು ಮುಚ್ಚಿತ್ತು. ಬ್ರೇಕು, ದೀಪ, ಹಾರ್ನು ಎಲ್ಲ ನೋಡಿದ ಸಾಹೇಬರು ಚೊಲೋ ಮಾಡೀರಿ ಎಂದರು. ಆಮೇಲೆ ಹಾಳೆ, ಪೆನ್ಸಿಲ್ ತೆಗೆದುಕೊಂಡು ಮುಂದಿನ ಗಾಲಿಯ ಹತ್ತಿರ ಕುಳಿತರು. ಒಂದು ಸಲ ತಿಕ್ಕಿದರು, ಎರಡು ಸಲ ತಿಕ್ಕಿದರು. ಹಾಳೆ ಪೂರಾ ಕಪ್ಪಾಯಿತು. ಒಂದು ಅಂಕಿಯೂ ಏಳಲಿಲ್ಲ. ಅವರು ಬ್ಯಾಟರಿ ಬೆಳಕು ಬಿಟ್ಟು ನೋಡಿ ಎದ್ದು ನಿಂತರು.

"ಇಲ್ಲಿ ನಂಬರ ಇರಬೇಕಲ್ರಿ. ಇದನ್ನ ತಿಕ್ಕಿದವರು ಯಾರು?"

ನಾನು ಎಂದರೆ ಯಾವುದರಿಂದ ಎಂದು ಕೇಳುತ್ತಾರೆ. ಗ್ರೈಂಡರ್ ಎಂದರೆ ಯಾರದು ಎಂದು ಕೇಳುತ್ತಾರೆ. ಫೌಂಡ್ರಿಯ ಮಾಲು ಕದ್ದು ಒಯ್ದವನನ್ನು ಮರುದಿನ ಗೇಟಿನೊಳಗೆ ಬಿಡುವುದಿಲ್ಲ. ಇಷ್ಟೆಲ್ಲ ಲೆಕ್ಕ ಒಂದು ಉಸಿರಿನಲ್ಲಿ ಹಾಕಿದೆ.

"ನಾನ ತಿಕ್ಕೇನ್ರಿ ಸಾಹೇಬ್ರ," ಎಂದರು ವೈನಿ. "ತುಕ್ಕ ಹಿಡದಿತ್ತು."

"ನೀವು? ಮಷೀನ್ ಹಿಡದು?"

"ಹೂಂ ರೀ. ನಾನ."

ಸಾಹೇಬರು ವೈನಿಯ ಕೈ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಹದಿನಾರು ವರ್ಷದ ಕಿಡಿ ಸಿಡಿದು ಕಪ್ಪು ಚುಕ್ಕೆ ಬಿದ್ದ ಕೈಗಳು ನನ್ನವು. ಅವೆರಡನ್ನೂ ನಾನು ಬೆನ್ನ ಹಿಂದೆ ಕಟ್ಟಿಕೊಂಡೆ.

ಸಾಹೇಬರದೇನೂ ತಪ್ಪಿಲ್ಲ. "ಕಳವಿನ ಗಾಡಿ ಅಂತ ನಾ ಅನ್ನಾಕತ್ತಿಲ್ಲ ತಾಯಿ. ಆದ್ರ ನಂಬರ ಇಲ್ದ ನನಗ ಸಹಿ ಮಾಡಾಕ ಬರೂದಿಲ್ಲ. ಪೊಲೀಸರು ಬಂದು ವಿಚಾರ್ಸತಾರ, ವರದಿ ಬರಬೇಕು, ಆಮ್ಯಾಲ ಹೊಸಾದಾಗಿ ನಂಬರ ಒತ್ತಸಾಕ ಪರವಾನಗಿ," ಎಂದರು. ಎಷ್ಟು ದಿನ ಎಂದು ವೈನಿ ಕೇಳಿದರು. ತಿಂಗಳುಗಟ್ಟಲೆ ಹಿಡಿಯಬಹುದು ಎಂದರು. ವೈನಿ ಕೈಮುಗಿದು ಗಾಡಿ ಹತ್ತಿದರು.

ಮಾರನೆಯ ದಿನ ಸಂಜೆ, ನಾನು ಕೆಲಸದಿಂದ ಬರುವುದನ್ನೇ ಕಾದಿದ್ದವರ ಹಾಗೆ ವೈನಿ ಹಿತ್ತಲಿಗೆ ಬಂದರು. "ಅಣ್ಣಾರ, ಇನ್ನೊಂದ ಸಲ ಆ ಮಷೀನ್ ತರಾಕ ಆಕ್ಕೈತೇನ್ರಿ? ಹೆಂಗ ಹಿಡೀತಾರ ನನಗ ಕಲಸ್ರಿ. ನಾಳೆ ಪೊಲೀಸ್ರು ಬಂದು ತೋರ್ಸು ಅಂದ್ರ ನನಗ ಬರಬೇಕಲ್ಲ."

ಈಗ ಹೇಳುತ್ತೇನೆ, ನಾಳೆಯೇ ಹೋಗಿ ಹೇಳುತ್ತೇನೆ ಎನ್ನಬೇಕಾಗಿತ್ತು. ನಾನು ನೆಲ ನೋಡುತ್ತ ನಿಂತೆ. ಅವರೇ ಮೆಲ್ಲಗೆ ಹೇಳಿದರು: "ನಿಮಗ ಮಕ್ಕಳದಾರ, ನೌಕರಿ ಐತಿ. ನನಗೇನ ಇತ್ರಿ, ಒಂದ ಗಾಡಿ ಇತ್ತು."

ಮರುದಿನ ಮತ್ತೆ ಊಟದ ಚೀಲದಲ್ಲಿ ಗ್ರೈಂಡರ್ ತಂದೆ. ಒಂದು ಕಬ್ಬಿಣದ ಪಟ್ಟಿಯನ್ನು ಒಗೆಯುವ ಕಲ್ಲಿನ ಮೇಲೆ ಬಿಗಿದೆ. ನನ್ನ ಕನ್ನಡಕ ಅವರಿಗೆ ಹಾಕಿದೆ. ಅವರು ಸೆರಗನ್ನು ಸೊಂಟಕ್ಕೆ ಬಿಗಿದು ಎರಡೂ ಕೈಯಿಂದ ಹಿಡಿದರು. ಮೊದಲ ಸಲ ಮಷೀನು ಜಿಗಿಯಿತು, ಎರಡನೆಯ ಸಲ ಕಿಡಿ ತೋಳಿಗೆ ಬಿತ್ತು. "ಒತ್ತಬ್ಯಾಡ್ರಿ, ಅದರಷ್ಟಕ್ಕ ಅದು ತಿನ್ನಲಿ," ಎಂದು ನಾನು ಗುರುವಿನ ಹಾಗೆ ಹೇಳಿಕೊಟ್ಟೆ. ಬಿಸಿಲು ಇಳಿಯಿತು, ಮನೆಯ ಹಿಂದೆ ಸೂರ್ಯ ಮುಳುಗಿದ. ವೈನಿ ಇನ್ನೂ ಉಂಡಿರಲಿಲ್ಲ. ಇನ್ನು ಮರುದಿನ ಬೆಳಗಿನ ತನಕ ಉಪವಾಸವೇ. ಐದನೆಯ ಸಲ ಗೆರೆ ನೆಟ್ಟಗೆ ಬಂತು. ನಾನು ಶಾಬಾಸ್ ಎಂದೆ. ಹೌದು, ಶಾಬಾಸ್ ವೈನಿ ಎಂದೆ. ಆ ಮಾತು ಈ ನಾಲಿಗೆಯಿಂದಲೇ ಬಂತು.

ಪೊಲೀಸರು ವಾರದಲ್ಲಿ ಬಂದರು. ಪರೀಕ್ಷೆಗೆ ಓದಿಕೊಂಡವರ ಹಾಗೆ ವೈನಿ ಎಲ್ಲದಕ್ಕೂ ಉತ್ತರ ಕೊಟ್ಟರು. ಮಷೀನ್ ಎಲ್ಲಿ ಎಂದರೆ ಬಾಡಿಗೆಗೆ ತಂದಿದ್ದೆ ಎಂದರು. ಹೇಗೆ ಹಿಡಿದಿರಿ ಎಂದರೆ ಗಾಳಿಯಲ್ಲೇ ಎರಡೂ ಕೈ ಮಾಡಿ ತೋರಿಸಿದರು. ಪೊಲೀಸರು ಬರೆದುಕೊಂಡು ಹೋದರು. ವರದಿ ಬರುವ ಮೊದಲು ದಸರಾ ಬಂತು, ಹೋಯಿತು. ಹಲಸಿ ಕಡೆಯ ಖವಾ ಬೇರೆಯವರ ಗಾಡಿ ಹತ್ತಿತು. ಮೈದುನ ಎರಡು ವಾರ ಹೆಚ್ಚೇ ಕಾದ, ಅದನ್ನು ಇಲ್ಲವೆನ್ನಲಾರೆ. ಆಮೇಲೆ ಗುಜರಿಯವರು ಗ್ಯಾಸ್ ಕಟರ್ ತಂದು, ನಾವು ಐದು ತಿಂಗಳು ಕೂಡಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ತುಂಡು ಮಾಡಿದರು. ಕೊಟ್ಟ ಮಾತಿನಂತೆ ವೈನಿ ತುಟಿ ಪಿಟಕ್ ಎನ್ನಲಿಲ್ಲ. ಪಡಸಾಲೆಯಲ್ಲಿ ಕುಳಿತು, ಒದ್ದೆ ಅರಿವೆಯಿಂದ ರಂಗೋಲಿಯ ಗೆರೆಗಳನ್ನು ಒರೆಸುತ್ತಿದ್ದರು.

ಅದೇ ತಿಂಗಳು ಅವರು ತವರಿಗೆ ಹೊರಟುಹೋದರು. ಅಲ್ಲಿ ಬೇರೆಯವರ ಒಲೆಯ ಮುಂದೆ ಕುಳಿತು ಖವಾ ಕಾಸುತ್ತಾರೆಂದು ಕೇಳಿದೆ. ಹಲಸಿ ಇಲ್ಲಿಂದ ದೂರವೇ? ತಪ್ಪು ನನ್ನದೆಂದು ಹೇಳಲು ಮೂರು ಸಲ ಹೊರಟೆ. ಮೂರು ಸಲವೂ ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಚಹಾ ಕುಡಿದು, ಬೆಳಗಾವಿ ಬಸ್ಸು ಹತ್ತಿದೆ. ಅವರಿಗೆ ಗೊತ್ತಿದ್ದದ್ದನ್ನೇ ಹೇಳಲು ಇಷ್ಟು ಹೆದರಿಕೆ ಯಾಕೆಂದು ಇವತ್ತಿಗೂ ತಿಳಿದಿಲ್ಲ... ಹೋದ ವರ್ಷ ಮೈದುನ ಗೋಡೆಯ ಮೇಲಿಂದ ಹೇಳಿದ, ವೈನಿ ತೀರಿಕೊಂಡು ಮೂರು ವಾರವಾಯಿತೆಂದು. ಉಸಿರಿನ ತ್ರಾಸು ಇತ್ತಂತೆ. ನಾನು ಒಳಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಆ ಅಳು ಅವರಿಗಾಗಿಯೋ ನನಗಾಗಿಯೋ, ದೇವರೇ ಬಲ್ಲ.

ಏಜೆಂಟ್ ಸ್ಕೂಟರಿನ ಪ್ರಿಂಟನ್ನು ಬೆಳಕಿಗೆ ಹಿಡಿದು, "ಎಲ್ಲಾ ಅಂಕಿ ಬಂದಾವ," ಎಂದು ಮಡಚಿಟ್ಟುಕೊಂಡು ಹೋದ. ಹಾಳೆಯ ಉಳಿದ ತುಂಡು ಮತ್ತು ಪೆನ್ಸಿಲ್ ನನ್ನ ಹತ್ತಿರವೇ ಉಳಿದವು. ವೈನಿ ಕಲಿತ ಆ ಕಬ್ಬಿಣದ ಪಟ್ಟಿ ಹಿತ್ತಲ ಬಾಗಿಲ ಹಿಂದೆ ಇದೆ. ಬದುಕಿನುದ್ದಕ್ಕೂ ಕಂಡದ್ದನ್ನೆಲ್ಲ ನುಣುಪು ಮಾಡಿದವನು ಅದೊಂದನ್ನು ಮುಟ್ಟಿಲ್ಲ. ಅದರ ಮೇಲೆ ಹಾಳೆ ಇಟ್ಟು ಪೆನ್ಸಿಲ್ ತಿಕ್ಕಿದೆ. ಐದು ಗೆರೆಗಳು ಬೆಳ್ಳಗೆ ಎದ್ದು ಬಂದವು. ನಾಲ್ಕು ಸೊಟ್ಟ, ಒಂದು ನೆಟ್ಟಗೆ. ಈ ಹಾಳೆ ತೆಗೆದುಕೊಂಡು ಇದು ಯಾರ ಕೆಲಸ ಎಂದು ನನ್ನನ್ನು ಕೇಳುವವರು ಈಗ ಯಾರೂ ಇಲ್ಲ.