ಹೆತ್ತೂರಿಗೆ ಹೋದ ಕಾರ್ಬನ್ ಪ್ರತಿ

ಮುಚ್ಚುಮರೆ ಎಂದರೆ ನನಗೆ ಮೊದಲಿನಿಂದಲೂ ಆಗದು. ಎಪ್ಪತ್ತರ ದಶಕದ ಕೊನೆಯಲ್ಲಿ ಸಕಲೇಶಪುರದ ಕಡೆ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ಗುಮಾಸ್ತನಾಗಿದ್ದಾಗ ಅದು ಹುಚ್ಚಿನ ಮಟ್ಟ ಮುಟ್ಟಿತ್ತು. ಯಾರಾದರೂ ಕಿವಿಯಲ್ಲಿ ಪಿಸುಗುಟ್ಟಿದರೆ ಸಾಕು, 'ಅದೇನು ಗಟ್ಟಿಯಾಗಿ ಹೇಳಿ' ಎಂದು ಎಲ್ಲರೆದುರು ಗದರಿಸುತ್ತಿದ್ದೆ. ದೊಡ್ಡ ಸತ್ಯಸಂಧನೆಂಬ ಜಂಬ ಬೇರೆ.

ಜಂಬಕ್ಕೆ ಕಾರಣವಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಟಿ.ಸಿ.ಎಚ್. ಸೀಟಿನ ಆಯ್ಕೆ ಪಟ್ಟಿ ಬೀರುವಿನೊಳಗೆ ಬೀಗ ಹಾಕಿಡುವ ವಸ್ತುವಾಗಿತ್ತು. ಸೀಟು ಸಿಕ್ಕವರಿಗೆ ಅಂಚೆಯಲ್ಲಿ ಕಾಗದ ಹೋಗುತ್ತಿತ್ತು. ಸಿಗದವರು ಆಗಸ್ಟ್ ಕಳೆಯುವವರೆಗೂ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದರು. ದೊಡ್ಡ ಎಸ್ಟೇಟಿನವರ ಚೀಟಿ ತಂದವರಿಗೇ ಸೀಟು ಎಂದು ಜನ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಅರ್ಧ ನಿಜವೂ ಇತ್ತು. ಆಮೇಲೆ ಮಂಗಳೂರು ಕಡೆಯ ಕ್ರೈಸ್ತರೊಬ್ಬರು ಪ್ರಿನ್ಸಿಪಾಲರಾಗಿ ಬಂದರು. ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಹಾಕಿ ಎಂದರು: ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ಅಂಕ, ಜಾತಿಯ ಪ್ರವರ್ಗ. ಯಾರು ಬೇಕಾದರೂ ನಿಂತು ಅಂಕ ತಾಳೆ ನೋಡಿಕೊಳ್ಳಲಿ ಎಂದರು. ಚೀಟಿಗಳು ಎರಡೇ ವರ್ಷದಲ್ಲಿ ನಿಂತವು.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಒಳ್ಳೆಯ ಗುಮಾಸ್ತ ಎನಿಸಿಕೊಂಡು ನಿವೃತ್ತನಾಗುತ್ತಿದ್ದೆ. ಆದರೆ ಪಟ್ಟಿ ಬೀಳುವುದು ಜುಲೈನಲ್ಲಿ. ಹೆತ್ತೂರು ಸೀಮೆಯಿಂದ ಬರುವವರು ಮಳೆಗೆ ಎಲೆಯ ಗೊರಬು ಹೊದ್ದು, ಇರುವ ಒಂದು ಬಸ್ಸು ಹಿಡಿದು, ಹೆಸರಿಲ್ಲವೆಂದು ತಿಳಿದುಕೊಂಡು ಹೋಗುವುದಕ್ಕೆ ಇಡೀ ದಿನ ಕಳೆಯಬೇಕು. ಅವರ ಪಾಡು ನೋಡಿ ನನಗೆ ಕನಿಕರ ಬಂತು. ಟೈಪ್‌ರೈಟರಿಗೆ ಹಾಳೆ, ಕಾರ್ಬನ್, ಹಾಳೆ, ಕಾರ್ಬನ್ ಎಂದು ನಾಲ್ಕು ಹಾಳೆ ಪೇರಿಸಿ, ಬೆರಳು ನೋಯುವಂತೆ ಕುಟ್ಟಿದೆ. ಮೊದಲ ಹಾಳೆ ನಮ್ಮ ಬೋರ್ಡಿಗೆ. ಮಿಕ್ಕ ಮೂರನ್ನು ಬಸ್ ಕಂಡಕ್ಟರುಗಳ ಕೈಯಲ್ಲಿ ಆಲೂರು, ದೋಣಿಗಲ್, ಹೆತ್ತೂರಿನ ಟೀ ಅಂಗಡಿಗಳಿಗೆ ಕಳಿಸಿದೆ. ಅಂಗಡಿಯವರು ಗಂಜಿ ಬಳಿದು ಗೋಡೆಗೆ ಅಂಟಿಸುತ್ತಿದ್ದರು, ಟೀ ಕುಡಿಯಲು ಬಂದ ಗಂಡಸರು ಓದಿಕೊಳ್ಳುತ್ತಿದ್ದರು. ಹೆತ್ತೂರಿನ ಶೀತಕ್ಕೆ ಅಕ್ಷರ ಮಾಸಬಾರದೆಂದು ಎಲ್ಲಕ್ಕಿಂತ ಸ್ಪಷ್ಟವಾದ ಕಾರ್ಬನ್ ಪ್ರತಿಯನ್ನು ಅಲ್ಲಿಗೇ ಕೊಡುತ್ತಿದ್ದೆ.

ಪ್ರಿನ್ಸಿಪಾಲರು ಒಮ್ಮೆ ಕೇಳಿದರು. "ಬೋರ್ಡಿಗೆ ಹಾಕಿದರೆ ಸಾಕಲ್ಲ ಮಾರಾಯ್ರೇ, ಊರೂರಿಗೆ ಕಳಿಸುವುದು ಎಂತಕ್ಕೆ?"

"ಬಡವರಿಗೆ ಅನುಕೂಲ ಸಾರ್," ಎಂದೆ.

ಅವರು ಫೈಲು ಮಡಚಿಕೊಂಡು ತಮ್ಮ ಕೋಣೆಗೆ ಹೋದರು. ನನ್ನ ಉತ್ಸಾಹ ಕೆಡಿಸುವುದು ಬೇಡವೆನಿಸಿರಬೇಕು.

ಹೀಗೆ ಕಳಿಸತೊಡಗಿದ ಮೂರನೆಯ ವರ್ಷ, ಜೂನ್ ತಿಂಗಳಲ್ಲಿ ಒಬ್ಬ ಹೆಣ್ಣುಮಗಳು ಅರ್ಜಿ ಹಿಡಿದು ಬಂದಳು. ಇಪ್ಪತ್ತೆರಡು ಇರಬಹುದು. ಆಲೂರಿನ ತವರುಮನೆಗೆ ಹೋಗುವ ನೆಪದಲ್ಲಿ ದಾರಿಯಲ್ಲಿ ಇಳಿದಿದ್ದಳು. ಕೊಟ್ಟ ಮನೆ ಹೆತ್ತೂರಿನ ಹತ್ತಿರದ ಹಳ್ಳಿ. ಮಾವನಿಗೆ ನಾಲ್ಕೆಕರೆ ಕಾಫಿ, ಗಂಡ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ನನ್ನ ಮೇಜಿನ ಮೂಲೆಯಲ್ಲೇ ಅರ್ಜಿ ತುಂಬಿದಳು. ಅಂಥ ದುಂಡಗಿನ ಅಕ್ಷರ ನಮ್ಮ ಮೇಷ್ಟರುಗಳಿಗೂ ಇರಲಿಲ್ಲ. ಪಿಯುಸಿಯಲ್ಲಿ ಅಂಕವೂ ಚೆನ್ನಾಗಿತ್ತು.

"ಸಾರ್, ಮನೆಗೆ ಕಾಗದ ಮಾತ್ರ ಹಾಕ್ಬೇಡಿ," ಎಂದಳು. "ನಮ್ಮ ಮಾವಂಗೆ ಇನ್ನೂ ಹೇಳಿಲ್ಲ."

"ಯಜಮಾನರಿಗೆ ಗೊತ್ತೇನಮ್ಮ?"

"ಅವರಿಗೆ ಗೊತ್ತೈತೆ. ಮೊದ್ಲು ಸೀಟು ಸಿಗ್ಲಿ, ಆಮೇಲೆ ಅಪ್ಪಯ್ಯನ ಮನಸ್ಸು ನೋಡ್ಕಂಡು ನಾನೇ ಹೇಳ್ತೀನಿ ಅಂದವ್ರೆ. ಇವರ ಬಾಯಿಂದ ಕೇಳಿದ್ರೆ ಮಾವ ಒಪ್ತಾರೆ ಸಾರ್. ಬೇರೆಯೋರ ಬಾಯಿಂದ ಗೊತ್ತಾದ್ರೆ ಮುಗೀತು. ಲಿಸ್ಟು ಇಲ್ಲಿ ಬೋರ್ಡಿಗೆ ಹಾಕ್ತೀರಲ್ಲ, ನಾನೇ ಬಂದು ನೋಡ್ಕಂತೀನಿ."

ನನಗೆ ಆ ಮಗುವಿನ ಮೇಲೆ ಮಮತೆಯೇ ಹುಟ್ಟಿತು. ಅವಳೆದುರೇ ಕೆಂಪು ಪೆನ್ಸಿಲ್ ತೆಗೆದು ಅರ್ಜಿಯ ನೆತ್ತಿಯ ಮೇಲೆ 'ಅಂಚೆ ಕಳಿಸಬಾರದು' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ. ಅವಳು ಮುಖ ಅರಳಿಸಿಕೊಂಡು ಹೋದಳು.

ಜುಲೈನಲ್ಲಿ ಪಟ್ಟಿ ತಯಾರಾಯಿತು. ಅವಳ ಹೆಸರು ನಾಲ್ಕನೆಯದು. ಅದನ್ನು ಕುಟ್ಟುವಾಗ ಸಂತೋಷಪಟ್ಟಿದ್ದು ಚೆನ್ನಾಗಿ ನೆನಪಿದೆ. ಸೀಟು ಸಿಕ್ಕವರಿಗೆ ಕಾಗದ ಹಾಕುವಾಗ ಕೆಂಪು ಗೆರೆ ನೋಡಿ ಅವಳ ಲಕೋಟೆಯನ್ನು ಪಕ್ಕಕ್ಕಿಟ್ಟೆ. ಕೊಟ್ಟ ಮಾತು ತಪ್ಪಲಿಲ್ಲವೆಂದು ಬೀಗಿದೆ. ಅದೇ ಮಧ್ಯಾಹ್ನ ಕಂಡಕ್ಟರು ಕಿಟಕಿಯಲ್ಲಿ ತಲೆ ಹಾಕಿ, "ಲಿಸ್ಟ್ ಕೊಡಿ ಸಾರ್, ಹೆತ್ತೂರಲ್ಲಿ ಕಾಯ್ತಾವ್ರೆ," ಎಂದ. ಮೊದಲ ಕಾರ್ಬನ್ ಪ್ರತಿಯನ್ನು ಮಡಚಿ, ನೆನೆಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟೆ. ಕೆಂಪು ಪೆನ್ಸಿಲ್ ಹಿಡಿದದ್ದೂ ಇದೇ ಕೈ, ಪ್ಲಾಸ್ಟಿಕ್ ಸುತ್ತಿದ್ದೂ ಇದೇ ಕೈ. ಎರಡೂ ನನ್ನ ತಲೆಯಲ್ಲಿ ಒಂದನ್ನೊಂದು ಮುಟ್ಟಲೇ ಇಲ್ಲ. ಅಂಚೆಗೆ ಹಾಕುವುದು ಕಾಗದ, ಕಂಡಕ್ಟರಿಗೆ ಕೊಡುವುದು ಪರೋಪಕಾರ. ನನ್ನ ಲೆಕ್ಕ ಅಷ್ಟೇ.

ನಾಲ್ಕು ದಿನದ ಮೇಲೆ ಅವಳು ಬಂದಳು. ಒಬ್ಬಳೇ ಅಲ್ಲ, ಮಾವನ ಜೊತೆ. ಅವರು ದಪ್ಪ ಮೀಸೆಯ, ಮೆದು ದನಿಯ ಮನುಷ್ಯ. ಕೂಗಾಡಿದ್ದರೆ ನನಗೂ ಕೂಗಾಡಲು ಬರುತ್ತಿತ್ತು. ಕುರ್ಚಿಯ ತುದಿಯಲ್ಲಿ ಕುಳಿತು, ಅರ್ಜಿ ವಾಪಸ್ ಬೇಕು ಎಂದರು.

"ಒಳ್ಳೇ ಸೀಟು ಯಜಮಾನ್ರೇ. ಎರಡು ವರ್ಷ ಓದಿದರೆ ಮೇಷ್ಟ್ರ ಕೆಲಸ," ಎಂದೆ.

"ಅದು ನಂಗೂ ಗೊತ್ತೈತೆ ಗುಮಾಸ್ತ್ರೇ. ಹೆತ್ತೂರಲ್ಲಿ ಟೀ ಕುಡೀತಾ ಕುಂತಿದ್ದೆ. ಗೋಡೆ ಮ್ಯಾಲೆ ಅಂಟಿಸಿದ್ದನ್ನ ಒಬ್ಬ ಗಟ್ಟಿಯಾಗಿ ಓದಿದ, ನನ್ ಮಗನ ಹೆಸರು, ಊರು ಎಲ್ಲಾ. 'ನಿನ್ ಸೊಸೆ ಮೇಡಮ್ಮಾಗ್ತಾಳಂತೆ, ನಿಂಗೇ ಗೊತ್ತಿಲ್ವಾ ಮಾರಾಯ' ಅಂದ. ಅಂಗಡಿಗೆ ಅಂಗಡಿಯೇ ನಕ್ಬುಡ್ತು." ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. "ಮಗ ಬಂದು ಒಂದ್ ಮಾತು ಕೇಳಿದ್ರೆ ನಾನ್ ಬ್ಯಾಡ ಅಂತಿದ್ನಾ? ನನ್ ಮನೆ ಸುದ್ದಿ ನಾನು ಗೋಡೆ ಓದಿ ತಿಳ್ಕಬೇಕಾ? ಈಗ ಕಳಿಸಿದ್ರೆ ನಾಲ್ಕು ಜನರ ಮುಂದೆ ಸೊಸೆಗೆ ಹೆದರ್ಕಂಡ ಅಂತಾರೆ. ಯಾವನು ತಂದು ಅಂಟಿಸಿದ್ನೋ, ಅವನ ಕೈ ಸೇದೋಗ."

ನಾನು ಬೆಳಿಗ್ಗೆಯಿಂದ ಹಾಸ್ಟೆಲ್ ಪಟ್ಟಿ ಕುಟ್ಟುತ್ತಿದ್ದೆ. ಬೆರಳಿಗೆಲ್ಲ ಕಾರ್ಬನ್ನಿನ ನೀಲಿ. ಎರಡೂ ಕೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿಕೊಂಡೆ. ಪ್ರಿನ್ಸಿಪಾಲರು ಒಳಗೆ ಕರೆದು ಅವರಿಗೆ ಅರ್ಧ ಗಂಟೆ ಬುದ್ಧಿ ಹೇಳಿದರು. ಮಾವ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ಅರ್ಜಿ ವಾಪಸ್ ಕೊಡಿ ಎಂಬ ಅದೇ ಮಾತು ಹೇಳಿದರು. ಸೊಸೆ ಅದೇ ದುಂಡಗಿನ ಅಕ್ಷರದಲ್ಲಿ 'ಸ್ವಂತ ಇಚ್ಛೆಯಿಂದ ಸೀಟು ಬಿಟ್ಟುಕೊಡುತ್ತಿದ್ದೇನೆ' ಎಂದು ಬರೆದು ರುಜು ಹಾಕಿದಳು.

ಸಂಜೆ ಒಂದು ಹೆಸರು ಬಿಟ್ಟು, ಒಂದು ಹೆಸರು ಸೇರಿಸಿ ಹೊಸ ಪಟ್ಟಿ ಕುಟ್ಟಿದೆ. ಕಾರ್ಬನ್ ಇಡಲಿಲ್ಲ. ಕಂಡಕ್ಟರು ಬಂದು ಕೇಳಿದಾಗ, ಇನ್ನು ಮೇಲೆ ಕಳಿಸುವುದಿಲ್ಲ ಎಂದೆ. ಮರುವರ್ಷ ಹೆತ್ತೂರಿನವರು ನೆನೆದು ತೊಪ್ಪೆಯಾಗಿ ಬಂದು, ನಿಮಗೇನು ಬಂತು ರೋಗ ಎಂದು ನನಗೆ ಬೈದರು. ಅವರು ಬೈದಿದ್ದೂ ಸರಿಯೇ. ಬೋರ್ಡಿನ ಮೇಲಿನ ಪಟ್ಟಿ ಬೇಡವೆಂದು ನಾನು ಈಗಲೂ ಅನ್ನುವುದಿಲ್ಲ. ಬೀರುವಿನ ಕಾಲವನ್ನು ನಾನು ಮರೆತಿಲ್ಲ. ಆದರೆ ಸೀಟು ನ್ಯಾಯವಾಗಿ ಹಂಚಿಕೆಯಾಯಿತೆಂದು ತೋರಿಸಲು ಒಬ್ಬಳ ಗಂಡನ ಹೆಸರು, ಊರು ಟೀ ಅಂಗಡಿಯ ಗೋಡೆಗೆ ಬೇಕಿತ್ತೇ? ಅಂಕ, ಅರ್ಜಿಯ ನಂಬರು ಸಾಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಮರುವರ್ಷ ಜೂನಿನಲ್ಲಿ ಬಂದ ಅರ್ಜಿಗಳಲ್ಲಿ ಆ ಅಕ್ಷರ ಹುಡುಕಿದೆ. ಅದರ ಮುಂದಿನ ವರ್ಷವೂ ಹುಡುಕಿದೆ. ಆಮೇಲೆ ಹುಡುಕುವುದನ್ನು ಬಿಟ್ಟೆ.

ಇಷ್ಟನ್ನು ಮನೆಯವರಿಗೂ ಒಂದಿಬ್ಬರು ಗೆಳೆಯರಿಗೂ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ.

ಅವತ್ತು ಮಾವ ಕೊಡೆ ಬಿಚ್ಚಲು ಜಗಲಿಗೆ ಹೋದರು. ಅವಳು ಅಂಕಪಟ್ಟಿ ತೆಗೆದುಕೊಳ್ಳಲು ನನ್ನ ಮೇಜಿನ ಹತ್ತಿರ ಉಳಿದಳು. ಕಣ್ಣು ಕೆಂಪಾಗಿತ್ತು.

"ನೀವು ಕಾಗದ ಹಾಕ್ನಿಲ್ಲ ಸಾರ್. ಕೊಟ್ಟ ಮಾತು ಉಳಿಸ್ಕಂಡ್ರಿ," ಎಂದಳು. "ಯಾರೋ ಮಾಡಿದ್ಕೆ ನೀವೇನ್ ಮಾಡ್ತೀರ. ನಿಮ್ಮ ಉಪಕಾರ ಮರೆಯಲ್ಲ."

ನನಗೆ ಎರಡೂ ಕೈ ಜೋಡಿಸಿ ಮುಗಿದಳು. ಮುಚ್ಚುಮರೆ ಆಗದ ಮನುಷ್ಯ ನಾನು, ನೀಲಿ ಬೆರಳುಗಳನ್ನು ಮೇಜಿನ ಕೆಳಗಿಂದ ತೆಗೆಯದೆ, "ಇರಲಿ ಬಿಡಮ್ಮ," ಎಂದೆ.