ಐದು ಯಾಕೆಗಳ ಹಾಳೆ

ನಮ್ಮ ಸಂಘದ ಬಗ್ಗೆ ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಉಳಿಯುವುದಿಲ್ಲ. ಸಾಂಗ್ಲಿ, ಮಿರಜ, ಕುಪವಾಡದ ಹೆಣ್ಣು ಇಂಜಿನಿಯರುಗಳು ಸೇರಿ ಕಟ್ಟಿಕೊಂಡ ಸಂಘ ಅದು. ನಡೆಸುವವರು ನಾವು ನಾಲ್ವರು: ಅಧ್ಯಕ್ಷೆ, ಉಪಾಧ್ಯಕ್ಷೆ, ಖಜಾಂಚಿ, ಕಾರ್ಯದರ್ಶಿಯಾದ ನಾನು. ಯಾರಿಗೂ ಸಂಬಳವಿಲ್ಲ. ವಾರವಿಡೀ ದುಡಿದು, ಭಾನುವಾರ ಮನೆಯ ಬಟ್ಟೆ ಪಾತ್ರೆ ಮುಗಿಸಿ, ಮಿರಜದಲ್ಲಿ ಅಧ್ಯಕ್ಷೆಯ ಮನೆಯ ಮಹಡಿಯಲ್ಲಿ ಕೂಡುತ್ತಿದ್ದೆವು. ಡಿಪ್ಲೊಮಾ ಹುಡುಗಿಯರಿಗೆ ಇಂಟರ್‌ವ್ಯೂ ತಯಾರಿ ಮಾಡಿಸಿದ್ದೇವೆ. ಮಗಳನ್ನು ಮೆಕ್ಯಾನಿಕಲ್‌ಗೆ ಹಾಕಿ ಎಂದು ಎಷ್ಟೋ ಅಪ್ಪಂದಿರ ಮುಂದೆ ಗಂಟಲು ಹರಿದುಕೊಂಡಿದ್ದೇವೆ. ಅದೆಲ್ಲ ನಿಜ.

ಇದೂ ನಿಜ. ವರ್ಷಕ್ಕೊಮ್ಮೆ ಮಹಿಳಾ ದಿನದಂದು ಯಾವುದಾದರೂ ಕಾರ್ಖಾನೆಯ ಮಾಲೀಕರನ್ನು ಕರೆದು, ಅವರಿಗೇ ಶಾಲು ಹೊದಿಸಿ, ಹೆಣ್ಣುಮಕ್ಕಳು ಎಷ್ಟು ಮುಂದೆ ಬಂದಿದ್ದಾರೆಂದು ಅವರ ಬಾಯಿಂದ ಕೇಳಿ ನಾವೇ ಚಪ್ಪಾಳೆ ತಟ್ಟುತ್ತಿದ್ದೆವು. ಅವರು ಸಭಾಗೃಹ ಕೊಡುತ್ತಿದ್ದರು, ನಾವು ಕೈಮುಗಿಯುತ್ತಿದ್ದೆವು. ಫೋಟೋದಲ್ಲಿ ನಮ್ಮ ತಲೆಯ ಮೇಲೆ ಒಂದು ಗೀರೂ ಬೀಳದ ಹೊಸ ಹೆಲ್ಮೆಟ್ಟುಗಳು ಇರುತ್ತಿದ್ದವು.

ನಾವೇ ಟ್ರೇನಿಂಗ್ ಕೊಟ್ಟಿದ್ದ, ಆರಗ ಎಂಬ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಒಂದು ಭಾನುವಾರ ನಮ್ಮ ಸಭೆಗೆ ಬಂದಳು. ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ಇಂಜಿನಿಯರ್. ಎರಕದ ತುಂಡುಗಳಲ್ಲಿ ಬಿರುಕು, ತೂತು ಹುಡುಕುವುದು ಅವಳ ಕೆಲಸ. ಆ ಕಾರ್ಖಾನೆಯಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಪಕ್ಕದ ಕಾರ್ಖಾನೆಯ ವಾಚ್‌ಮನ್‌ನನ್ನು ದಿನಾ ಬೇಡಿ ಅಲ್ಲಿ ಹೋಗಿ ಬರುತ್ತಿದ್ದಳು. ಆಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು, ಜ್ವರ ಹಿಡಿದು ಆಸ್ಪತ್ರೆ ಸೇರಿದಳು. ವಾಪಸ್ ಬಂದು ಮ್ಯಾನೇಜರನ್ನು ಕೇಳಿದರೆ, ಅವನು ಒಬ್ಬಳಿಗಾಗಿ ಕಟ್ಟಿಸಲಾಗುವುದಿಲ್ಲ ಎಂದು, ‘ಪಕ್ಕದ ಕಾರ್ಖಾನೆಗೆ ಹೋಗಿಬರಲು ನಿನಗೇ ಅನುಕೂಲ’ ಎಂದು ಅವಳನ್ನು ಗೇಟಿನ ಬಳಿಯ ಆಫೀಸಿನಲ್ಲಿ ಕೂರಿಸಿದ. ಬೇರೆಯವರು ಬರೆದ ರಿಪೋರ್ಟುಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ಕಾಯಂ ಮಾಡುವ ಹೊತ್ತಿಗೆ ಅಲ್ಲೇ ಇದ್ದರೆ ಕಾಗದದಲ್ಲೂ ಗುಮಾಸ್ತೆಯಾಗಿಯೇ ಉಳಿಯುತ್ತಾಳೆ.

“ನಾ ಎರಕಾ ನೋಡಾಕ ಕಲತೇನ್ರಿ ಅಕ್ಕಾರ, ಟೈಪ್ ಮಾಡಾಕ ಅಲ್ಲ,” ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಒಳಗಿನ ತನ್ನ ಕೆಲಸ.

ಮನುಷ್ಯರಾಗಿದ್ದರೆ ನಾವು ಅಂದೇ ಎದ್ದು ಆ ಮ್ಯಾನೇಜರನ ಎದುರು ಹೋಗಿ ನಿಲ್ಲಬೇಕಿತ್ತು. ಆದರೆ ನಾವು ಇಂಜಿನಿಯರುಗಳು. ಕುಪವಾಡದ ಯಾವ ಕಾರ್ಖಾನೆಯಲ್ಲೇ ಆಗಲಿ, ಏನಾದರೂ ಕೆಟ್ಟರೆ ಒಂದು ಹಾಳೆ ತುಂಬುವ ಪದ್ಧತಿಯಿದೆ. ಯಾಕೆ ಕೆಟ್ಟಿತು ಎಂದು ಕೇಳಬೇಕು, ಬಂದ ಉತ್ತರಕ್ಕೆ ಮತ್ತೆ ಯಾಕೆ ಅನ್ನಬೇಕು, ಹೀಗೆ ಐದು ಸಲ. ಐದನೆಯ ಉತ್ತರವೇ ಮೂಲ ಕಾರಣ. ಬೇರಿಂಗು ಸುಟ್ಟರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹುಡುಗಿಯ ವಿಷಯಕ್ಕೂ ಅದೇ ಹಾಳೆ ತುಂಬೋಣ, ನಮ್ಮದು ಬರೀ ಅಳುವ ಸಂಘವಲ್ಲ ಎಂದು ತೋರಿಸೋಣ ಎಂದರು ಅಧ್ಯಕ್ಷೆ. ನಮಗೆಲ್ಲ ಅದು ಬಹಳ ಸರಿಯೆನಿಸಿತು. ನನ್ನ ಅಕ್ಷರ ದುಂಡಗಿದೆಯೆಂದು ಬರೆಯಲು ನಾನೇ ಕೂತೆ.

ಶೌಚಾಲಯ ಯಾಕಿಲ್ಲ? ಬೇಡಿಕೆ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ? ಯಾರೂ ಬರೆದು ಕೊಟ್ಟಿರಲಿಲ್ಲ. ಯಾಕೆ ಕೊಟ್ಟಿರಲಿಲ್ಲ? ಯಾರಿಗೆ ಕೊಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ? ವಿಚಾರಿಸಿರಲಿಲ್ಲ. ಯಾಕೆ ವಿಚಾರಿಸಿರಲಿಲ್ಲ? ಕೆಲಸಕ್ಕೆ ಸೇರುವಾಗ ಸೌಲಭ್ಯಗಳ ಬಗ್ಗೆ ಕೇಳಬೇಕೆಂಬ ತಿಳಿವಳಿಕೆ ಇರಲಿಲ್ಲ. ಮೂಲ ಕಾರಣ ಸಿಕ್ಕಿತು: ಉದ್ಯೋಗಿಯ ತಿಳಿವಳಿಕೆಯ ಕೊರತೆ. ಪರಿಹಾರ: ಉದ್ಯೋಗಿಗೆ ಮಾರ್ಗದರ್ಶನ. ಹುಡುಗಿಯ ಎದುರಿಗೇ ನಾನು ಕೆಳಗೆ ಸಂಘದ ಶಿಕ್ಕಾ ಒತ್ತಿದೆ.

ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ನಾಲ್ಕು ಜನ ಓದಿದ ಹೆಂಗಸರು ಒಂದು ಮಧ್ಯಾಹ್ನವಿಡೀ ತಲೆ ಕೆಡಿಸಿಕೊಂಡು ಕೊನೆಗೆ ತಪ್ಪು ಅವಳದೇ ಎಂದು ತೀರ್ಮಾನಿಸಿದೆವು, ಅದೂ ನೀಟಾಗಿ ಗೆರೆ ಹಾಕಿ.

ಅಷ್ಟಕ್ಕೇ ನಿಲ್ಲಲಿಲ್ಲ. ಎರಡೂ ಕಡೆಗೆ ನ್ಯಾಯವಾಗಿರಲೆಂದು ಅಧ್ಯಕ್ಷೆ ಹಾಳೆಯ ಒಂದು ಪ್ರತಿಯನ್ನು ಆ ಕಾರ್ಖಾನೆಗೂ ಕಳಿಸಿದರು. ಆ ಸಲದ ಮಹಿಳಾ ದಿನಕ್ಕೆ ಅದೇ ಮಾಲೀಕರು ಮುಖ್ಯ ಅತಿಥಿ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಯಾರೂ ಮರೆತಿರಲೂ ಇಲ್ಲ. ಮ್ಯಾನೇಜರ್ ಹಾಳೆಯನ್ನು ಹುಡುಗಿಯ ಮೇಜಿನ ಮೇಲಿಟ್ಟು, ನಿಮ್ಮ ಹೆಂಗಸರ ಸಂಘವೇ ತಪ್ಪು ನಿನ್ನದೆಂದು ಬರೆದುಕೊಟ್ಟಿದೆಯಲ್ಲ, ಇನ್ನೇನು ತಕರಾರು ಎಂದು ಕೇಳಿದನಂತೆ. ಅವನ ಧೈರ್ಯಕ್ಕೆ ಶಿಕ್ಕಾ ಒತ್ತಿಕೊಟ್ಟವಳು ನಾನು.

ಮರುವಾರ ಹುಡುಗಿ ಮತ್ತೆ ಮಹಡಿ ಹತ್ತಿ ಬಂದಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಸಲೀಸಾಗುತ್ತಿತ್ತು, ಬೆನ್ನು ತಡವಿ ಚಹಾ ಕೊಟ್ಟು ಕಳಿಸಬಹುದಿತ್ತು. ಹಾಳೆಯನ್ನು ನಮ್ಮ ನಡುವೆ ಇಟ್ಟಳು.

“ಹಾಳಿ ತುಂಬೂಕಿಂತ ಮೊದಲ ಜಾಗಾಕ್ಕ ಹೋಗಿ ನೋಡಬೇಕಂತ ಟ್ರೇನಿಂಗದಾಗ ನೀವ ನಮಗ ಕಲಿಸೀರಿ,” ಎಂದಳು. “ನೀವು ಯಾರೂ ಒಮ್ಮಿನೂ ಯಾಕ ಬರಲಿಲ್ರಿ?”

ಉಪಾಧ್ಯಕ್ಷೆ ಫೋನು ನೋಡಿದರು. ಖಜಾಂಚಿ ತಮ್ಮ ಬ್ಯಾಗಿನ ಜಿಪ್ಪು ಎಳೆದರು. ಅಧ್ಯಕ್ಷೆ, ಎಲ್ಲದಕ್ಕೂ ಒಂದು ರೀತಿಯಿದೆ ಎಂದು ಏನೋ ಹೇಳತೊಡಗಿದರು. ನಾನು ನಾಳೆ ಬರುತ್ತೇನೆ ಎಂದೆ.

ಸೋಮವಾರ ರಜೆ ಹಾಕಿ ಹೋದೆ. ಮ್ಯಾನೇಜರ್ ತನ್ನ ಎ.ಸಿ. ಕೋಣೆಯಲ್ಲಿ ಕೂರಿಸಿ ಚಹಾ ತರಿಸಿದ. ತಮ್ಮ ಮಾಲೀಕರಿಗೆ ಹೆಣ್ಣುಮಕ್ಕಳ ಬಗ್ಗೆ ಎಷ್ಟು ಕಳಕಳಿ ಎಂದು ಮರಾಠಿಯಲ್ಲಿ ಬಹಳ ಹೊತ್ತು ಹೇಳಿದ. ಜಗಳಕ್ಕೆಂದೇ ಹೋದ ನಾನು ಎರಡು ಕಪ್ ಚಹಾ ಕುಡಿದು ಕೊನೆಗೆ, ನನಗೇ ಅವಸರವಾಗಿ, ಬಾತ್‌ರೂಮ್ ಎಲ್ಲಿ ಎಂದು ಕೇಳಿದೆ. ಅವನು ಡ್ರಾಯರ್ ಎಳೆದು ಒಂದು ಕೀಲಿಕೈ ತೆಗೆದು ಕೊಟ್ಟ. ಅವನ ಕೋಣೆಯ ಹಿಂದೆಯೇ ಇತ್ತು. ಬಿಳಿ ಟೈಲ್ಸು, ಸಾಬೂನು, ಗೂಟಕ್ಕೆ ಒಗೆದ ಟವೆಲ್. ಕಂಪನಿ ನೋಡಲು ಬರುವ ಪಾರ್ಟಿಗಳಲ್ಲಿ ಒಮ್ಮೊಮ್ಮೆ ಲೇಡೀಜ್ ಇರುತ್ತಾರಲ್ಲ, ಅವರಿಗಾಗಿ ಇಟ್ಟಿದ್ದೇವೆ ಎಂದ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ನನ್ನ ಮೈ ಉರಿದುಹೋಯಿತು. ಈ ಬಾಗಿಲು ಇಲ್ಲಿರುವಾಗ ಒಂದು ಹುಡುಗಿ ಆಸ್ಪತ್ರೆ ಸೇರಿದ್ದಳು. ಕೀಲಿಕೈಯನ್ನು ಅವನಿಗೆ ಹಿಂದಿರುಗಿಸದೆ ನೇರ ಗೇಟಿನ ಆಫೀಸಿಗೆ ನಡೆದೆ. ಅವನು ಮ್ಯಾಡಮ್ ಮ್ಯಾಡಮ್ ಎನ್ನುತ್ತ ಹಿಂದೆ ಬಂದ. ಅವನೆದುರೇ ಅದನ್ನು ಹುಡುಗಿಯ ಕೈಗೆ ಕೊಟ್ಟು, ಇನ್ನು ನೀನು ಒಳಗೆ ಹೋಗು, ಇವರಿಗೆ ಹೇಳಲು ನೆಪ ಉಳಿದಿಲ್ಲ ಎಂದೆ. ನಿಜ ಹೇಳಬೇಕೆಂದರೆ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಹುಡುಗಿ ಹೆಲ್ಮೆಟ್ ಹಾಕಿಕೊಂಡಳು. “ನೀವೂ ಬರ್ರಿ,” ಎಂದು ನನ್ನನ್ನು ಕರೆದುಕೊಂಡು ಒಳಗೆ ನಡೆದಳು. ಅವನು ತಡೆಯಲಿಲ್ಲ. ಕುಲುಮೆ ದಾಟಿ ಕೋರ್ ಶಾಪಿಗೆ ಬಂದೆವು. ಎರಕದೊಳಗೆ ಪೊಳ್ಳು ಬರಲೆಂದು ಮರಳಿನ ಅಚ್ಚು ಮಾಡುವ ಜಾಗ ಅದು. ಅಲ್ಲಿ ಹನ್ನೊಂದು ಹೆಂಗಸರು ಕೂತು ಮರಳು ತುಂಬುತ್ತಿದ್ದರು. ಅಥಣಿ, ಜತ್ತ ಕಡೆಯಿಂದ ಬಂದ ಗುತ್ತಿಗೆ ಕೂಲಿಯವರು. ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು ಹುಡುಗಿ ಚಿಕ್ಕಮ್ಮನೆಂಬಂತೆ ಕರೆದು, “ಮಾವಶಿ, ನೀವು ಎಲ್ಲಿ ಹೋಗತೀರಿ ಇವರಿಗೆ ಹೇಳ್ರಿ,” ಎಂದಳು.

ಹೆಂಗಸು ಕೈಯ ಮರಳು ಕೊಡವಿಕೊಂಡಳು. “ಗ್ವಾಡಿ ಹಿಂದ ಹೋಗತೇವ್ರಿ. ಒಬ್ಬಾಕಿ ಸೀರಿ ಅಡ್ಡ ಹಿಡದ ನಿಂದರತಾಳ.” ದೂರೂ ಇರಲಿಲ್ಲ ಅವಳ ದನಿಯಲ್ಲಿ, ದಾರಿ ಕೇಳಿದವರಿಗೆ ದಾರಿ ಹೇಳಿದ ಹಾಗಿತ್ತು.

ಹುಡುಗಿ ಕೀಲಿಕೈಯನ್ನು ಅವಳ ಮಡಿಲಿಗೆ ಹಾಕಿದಳು. ಸಂಜೆಯೊಳಗೆ ಮ್ಯಾನೇಜರ್ ಅದನ್ನು ಕಿತ್ತುಕೊಂಡನಂತೆ. ಹುಡುಗಿಯನ್ನು ಮಾತ್ರ ಅವನಿಗೆ ಹೊರಗೆ ತರಲಾಗಿಲ್ಲ. ಕಾರಣ ಬರೆದುಕೊಡಿ, ಗೇಟಿನ ಆಫೀಸಿಗೆ ವಾಪಸ್ ಹೋಗುತ್ತೇನೆ ಎಂದು ಹೇಳಿ ದಿನಾ ಒಳಗೇ ಹೋಗುತ್ತಾಳೆ. ಕಾಯಂ ಪತ್ರ ಇನ್ನೂ ಬಂದಿಲ್ಲ.

ಆ ಭಾನುವಾರ ನಾನು ಒಂದು ಪತ್ರ ಬರೆದುಕೊಂಡು ಹೋದೆ. ನಮ್ಮ ಹಾಳೆಯನ್ನು ವಾಪಸ್ ಪಡೆಯುತ್ತೇವೆ, ಹುಡುಗಿಯನ್ನು ಅವಳ ಕೆಲಸದಲ್ಲೇ ಕಾಯಂ ಮಾಡಬೇಕು, ಅಲ್ಲಿ ದುಡಿಯುವ ಹನ್ನೆರಡು ಹೆಂಗಸರಿಗೆ ಶೌಚಾಲಯ ಕಟ್ಟಬೇಕು, ಅಲ್ಲಿಯವರೆಗೆ ಆ ಮಾಲೀಕರು ನಮ್ಮ ವೇದಿಕೆ ಹತ್ತುವಂತಿಲ್ಲ ಎಂದು. ಉಪಾಧ್ಯಕ್ಷೆ, ಖಜಾಂಚಿ ಸಹಿ ಹಾಕಿದರು. ಅಧ್ಯಕ್ಷೆ ಎರಡು ಸಲ ಓದಿ, ಹನ್ನೆರಡು ಎಂಬಲ್ಲಿ ಬೆರಳಿಟ್ಟರು. ಮರಾಠಿಯಲ್ಲಿ ಬಹಳ ಮೆಲ್ಲಗೆ ಕೇಳಿದರು, ಆದರೆ ಉಳಿದವರು ಇಂಜಿನಿಯರುಗಳಲ್ಲವಲ್ಲ?

ಅವರ ಕೈಯಿಂದ ಪತ್ರ ಕಿತ್ತುಕೊಳ್ಳುವಷ್ಟು ಸಿಟ್ಟು ಬಂತು, ಕಿತ್ತುಕೊಂಡೆ ಕೂಡ. ಬಯ್ಯಲು ಬಾಯಿ ತೆರೆದವಳಿಗೆ ನನ್ನ ಹಳೆಯ ಕಾರ್ಖಾನೆ ನೆನಪಾಯಿತು. ಈಗಿನ ಕೆಲಸಕ್ಕೆ ಬರುವ ಮುಂಚೆ ನಾನೂ ಎಂಟು ವರ್ಷ ಒಂದು ಫೌಂಡ್ರಿಯಲ್ಲಿದ್ದೆ. ಅಲ್ಲಿ ನಮಗೆ, ಆಫೀಸಿನ ಹೆಂಗಸರಿಗೆ, ಬಾತ್‌ರೂಮ್ ಇತ್ತು. ದಿನಾ ಕೋರ್ ಶಾಪ್ ದಾಟಿಯೇ ಅಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ಕೂತಿರುತ್ತಿದ್ದ ಹೆಂಗಸರು ಎಲ್ಲಿ ಹೋಗುತ್ತಿದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.